ನಾಲ್ಕು ಲೋಟ

ನರೀನ್ ಊರಿನಲ್ಲಿ ಮೈನಸ್ ಮೂವತ್ತೊಂದು.
ಬುರುಲ್ಕಾನ್ ನಲ್ಲಿ ತಿರುಗಿಸಿದಳು:
ಒಂದು ಕೆಮ್ಮು. ಆಮೇಲೆ ಏನೂ ಇಲ್ಲ.

ಪೈಪಿನ ಮೊಣಕೈಗೆ ಹೇರ್ ಡ್ರೈಯರ್ ಹಿಡಿದಳು,
ಗಂಡನ ಹಳೆಯ ಉಣ್ಣೆ ಕಾಲುಚೀಲ ಸುತ್ತಿದಳು,
ಬೈದಳು. ಕಬ್ಬಿಣ ಮಣಿಯಲಿಲ್ಲ.

ಅಂಗಳದ ಹಿಮ, ಬಕೆಟ್ ತುಂಬ.
ಒಲೆಗಿಟ್ಟರೆ ತಳದಲ್ಲಿ ನಾಲ್ಕು ಲೋಟ,
ಅದರಲ್ಲೂ ಕಲ್ಲಿದ್ದಲಿನ ಮಸಿ, ಗುಬ್ಬಿಯ ಪುಕ್ಕ.

ಕೈಗೆ ಮಾತ್ರ ಸುದ್ದಿ ಮುಟ್ಟಿಲ್ಲ.
ಹಿಟ್ಟು ಮೆತ್ತಿದ ಬೆರಳು
ಮತ್ತೆ ಮತ್ತೆ ನಲ್ಲಿಯತ್ತಲೇ ಹೋಗುತ್ತದೆ.

ಮೇಲಿನ ಮನೆಯ ಜಿಪಾರ್ ಜೊತೆ
ಮಾತು ಬಿಟ್ಟು ಎರಡು ವರ್ಷ:
ಅವಳ ನೀರು ಇವಳ ಸೂರಿನಲ್ಲಿ ಜಿನುಗಿತೆಂದು.
ಇವತ್ತು ಬಾಗಿಲಲ್ಲಿ ಅವಳೇ,
ಖಾಲಿ ಕೆಟಲ್ ಹಿಡಿದು.

ಬುರುಲ್ಕಾನ್ ಸೂರಿನ ಹಳದಿ ಕಲೆ ನೋಡಿದಳು,
ಪಾತ್ರೆಯ ತಳ ನೋಡಿದಳು.
"ಪುಕ್ಕ ಸೋಸಿಕೋ," ಎಂದಳು.