ಒಡೆಯರಿಲ್ಲದ್ದು

ನಾಟಿ ಮುಗಿದು ಹದಿನೇಳು ದಿನ.
ಚೀ ನದಿಯ ಬಯಲಲ್ಲಿ, ಬದುವಿನ ಮೇಲೆ
ಅತ್ತೆ ಖಾಮ್‌ಪುನ್ ಮುಂದೆ, ನಾನು ಹಿಂದೆ.
ಅವಳ ಸೊಂಟಕ್ಕೆ ಬಿದಿರ ಬುಟ್ಟಿ; ನನ್ನ ಕೈಗೆ
ಗೊಬ್ಬರದ ಚೀಲ ಕತ್ತರಿಸಿ ಹೊಲಿದದ್ದು.

ನಾನು ಉಪ್ಪುನೀರಿನ ಕಡೆಯವಳು.
ಏಡಿ ಗೊತ್ತು, ಸೀಗಡಿ ಗೊತ್ತು, ಉಬ್ಬರ ಇಳಿತ ಗೊತ್ತು.
ಮದುವೆಯಾಗಿ ಬಂದ ವರ್ಷ ಈ ಗದ್ದೆಯಲ್ಲಿ
ನನಗೆ ಕಂಡದ್ದು ಎರಡೇ: ಭತ್ತ, ಭತ್ತವಲ್ಲದ್ದು.
"ಭತ್ತವಲ್ಲದ್ದೇ ಊಟ," ಅಂದಿದ್ದಳು ಅತ್ತೆ,
"ಭತ್ತ ಇರುವುದು ಅದನ್ನು ನುಂಗಲಿಕ್ಕೆ."

ಮೊಣಕೈವರೆಗೆ ನೀರಲ್ಲಿ ಮುಳುಗಿಸಿ ಕಲಿಸಿದಳು.
ಇದು ವೇನ್: ನಾಲ್ಕೆಲೆ ಕೂಡಿ ಒಂದು ಬಿಲ್ಲೆ.
ಬೇರು ಬಿಡು, ಉಗುರಲ್ಲಿ ಚಿವುಟು.
ಇದು ಖಯೇಂಗ್: ಹಿಸುಕಿದರೆ ಜೀರಿಗೆ, ಆಮೇಲೆ ನಿಂಬೆ,
ಆಮೇಲೆ ಇನ್ನೇನೋ, ಕಡಲ ಕಡೆ ಅದಕ್ಕೆ ಹೆಸರಿಲ್ಲ.
ಹುತ್ತದ ಮೇಲಿನ ತಿವ್ ಮರ,
ಚಿಗುರು ಕೆಂಪಿದ್ದಾಗ ಒಳ್ಳೆಯ ಹುಳಿ,
ಬಲಿತರೆ ಎಮ್ಮೆಗೂ ಬೇಡ.
ಇದನ್ನು ಮಾತ್ರ ಮುಟ್ಟಬೇಡ. ಇದಕ್ಕೂ ಇದರ ಅಕ್ಕನಿಗೂ
ಮುಖ ಒಂದೇ, ಹೊಟ್ಟೆ ಬೇರೆ.

ಗದ್ದೆ ನಮ್ಮದಲ್ಲ, ಬುನ್‌ಲಾಯ್‌ನದು.
ನಾನು ಹಿಂಜರಿದರೆ ನಕ್ಕಳು:
ಭತ್ತಕ್ಕೆ ಒಡೆಯ ಇದ್ದಾನೆ, ಮೀನಿಗೆ ಅರ್ಧ ಒಡೆಯ,
ಕಳೆಗೆ ಯಾರು? ಒಂದು ಮಾತು ಕೂಗಿ ಹೇಳಿದರೆ ಸಾಕು.
ಹಾಗೆ ಅವಳು ಖಾಲಿ ಬಯಲಿಗೆ ಕೂಗುವಳು:
"ಬಂದಿದ್ದೇವೆ!"
ಕೊಕ್ಕರೆಯೊಂದು ಕೊರಳೆತ್ತಿ ನೋಡುವುದು.

ಈಗ ಅವಳ ಎರಡು ಕಣ್ಣಿಗೂ ಪೊರೆ.
ವೇನ್ ಅಂದರೆ ಕನ್ನಡಕವೂ ಹೌದು.
"ಬುಟ್ಟಿ ತುಂಬ ಕನ್ನಡಕ," ಅನ್ನುತ್ತಾಳೆ,
"ಒಂದಾದರೂ ನನ್ನ ಮೂಗಿಗೆ ಕೂರಲೊಲ್ಲದು."

ಆ ಮೂಗೇ ಈ ಬೆಳಿಗ್ಗೆ, ಬದು ತಿರುಗುವಲ್ಲಿ,
ಅವಳನ್ನು ತಡೆದು ನಿಲ್ಲಿಸಿತು.
ಕೋಲಿಗೆ ಕಟ್ಟಿದ ಕೆಂಪು ಪ್ಲಾಸ್ಟಿಕ್ ಚೂರು
ನನ್ನ ಕಣ್ಣಿಗೆ ಬಿದ್ದದ್ದು ಇನ್ನೂ ಹತ್ತು ಹೆಜ್ಜೆ ಆದ ಮೇಲೆ.
"ಔಷಧಿ ಹೊಡೆದಿದ್ದಾನೆ," ಅಂದಳು.
ವಿಷಕ್ಕೆ ಈ ಊರಲ್ಲೂ ಔಷಧಿ ಅಂತಲೇ ಹೆಸರು.

ಭತ್ತ ನೆಟ್ಟಗಿತ್ತು, ಅಚ್ಚ ಹಸಿರು, ಸಾಲು ಸಾಲು.
ನಡುವಿನ ನೀರು ಗಾಜು. ಅದರ ತಳದಲ್ಲಿ
ಹಳದಿಗಟ್ಟಿದ ಬಿಲ್ಲೆಗಳು,
ಕಡ್ಡಿ ಕಳಚಿ ಬಿದ್ದ ಕನ್ನಡಕಗಳು.
ಅವಳು ಕೂಗಲಿಲ್ಲ.
ಕೊಕ್ಕರೆಯೂ ಇರಲಿಲ್ಲ.
ಬಹಳ ಹೊತ್ತಿನ ಮೇಲೆ, ನನಗಲ್ಲ, ನೀರಿಗೆ:
"ಒಡೆಯರಿಲ್ಲ ಅಂದಿದ್ದೆ.
ಕೊಂದವನೇ ಒಡೆಯ, ಅಲ್ಲವಾ."

ಹುತ್ತದ ಬುಡ ಸುತ್ತಿ, ತೂಬಿನ ಕೆಳಗಿನ ಕೆಸರು ತಡವಿ,
ಮಧ್ಯಾಹ್ನದೊಳಗೆ ಸಿಕ್ಕಿದ್ದು ಎರಡು ಹಿಡಿ.
ಅವತ್ತು ಅವಳು ಚಿವುಟಲಿಲ್ಲ. ಬೇರು ಸಮೇತ ಕಿತ್ತಳು.
ಯಾಕೆಂದು ನಾನು ಕೇಳಲಿಲ್ಲ.

ಸಂಜೆ ಏಣಿಯ ಬುಡದಲ್ಲಿ ಚಪ್ಪಲಿ ಬಿಟ್ಟ ಸದ್ದು.
ಬುನ್‌ಲಾಯ್‌ನ ಹೆಂಡತಿ ಸಾಯ್‌ಯುತ್, ಕೈಯಲ್ಲಿ ಬಟ್ಟಲು.
ಕಳಲೆ ಬೇಯುತ್ತಿದೆಯಂತೆ,
ಹುಳಿಸಿದ ಮೀನಿನ ರಸ ಹಾಕಿದ್ದಾಯಿತಂತೆ,
ಖಯೇಂಗ್ ನಾಲ್ಕು ಎಲೆ ಇದ್ದರೆ...
ಮಾತು ಅಲ್ಲಿಗೇ ನಿಂತಿತು.
ಹದಿನಾಲ್ಕು ರಾಯ್ ಗದ್ದೆಯ ಒಡತಿ.
ನಾನು ಒಲೆಯ ಕಡೆ ಮುಖ ತಿರುಗಿಸಿದೆ.

ಅತ್ತೆ ತಡವಿ ಬುಟ್ಟಿ ಎಳೆದುಕೊಂಡಳು.
ಬೆರಳಲ್ಲೇ ಅಳೆದು ಎರಡು ಪಾಲು ಮಾಡಿದಳು;
ಸರಿ ಪಾಲಲ್ಲ, ಬಟ್ಟಲಿಗೆ ಬಿದ್ದದ್ದೇ ಹೆಚ್ಚು.
"ಮೇಲಿನದು ಸಾರಿಗೆ. ಬುಡ ಎಸೆಯಬೇಡ,
ಬಚ್ಚಲ ನೀರು ಹರಿಯುವಲ್ಲಿ ಊರು.
ಗಂಡ ಕೇಳಿದರೆ
ಹೂವಿನ ಗಿಡ ಅನ್ನು."

ಸಾಯ್‌ಯುತ್ ನಗಲಿಲ್ಲ.
ಏಣಿ ಇಳಿದವಳು ನಮ್ಮ ಬೇಲಿ ದಾಟುವ ತನಕ
ಬಟ್ಟಲನ್ನು ಮೂಗಿನ ಹತ್ತಿರವೇ ಹಿಡಿದಿದ್ದಳು.