ಏಳಡಿ ಏಳು ನೂಲು

ಪ್ಲಸ್ ಟು ಬಿ, ಊಟದ ನಂತರದ ಪಿರಿಯಡ್.
ಸುಹರಾ ಟೀಚರ್ ಬೋರ್ಡಿನ ಮೇಲೊಂದು ಬಾಗು ಎಳೆದು
ಅದರ ಮೈಗೆ ತಾಗಿಸಿ ನೇರ ಗೆರೆ ಹಾಕಿದರು:
"ಇದು ತೊಡುವರ."
ಕನ್ನಡ ಮೀಡಿಯಮ್ಮಿನಿಂದ ಬಂದ ನಾವು ಆರು ಮಂದಿ
ತೊಡುವುದು ಏನನ್ನು, ವರ ಯಾರು ಎಂದು
ಪುಸ್ತಕದ ಮರೆಯಲ್ಲಿ ನಕ್ಕೆವು.
ತ್ರಿಕ್ಕರಿಪುರದ ಟೀಚರಿಗೆ ಕನ್ನಡ ಬಂದದ್ದು ಬಸ್ಸಿನಲ್ಲಿ,
ಹಾಗಾಗಿ ಬಿಡಿಬಿಡಿ, ಚಿಲ್ಲರೆಯ ಹಾಗೆ.
ಬೆರಳ ತುದಿಯನ್ನು ಮೇಜಿಗೆ ತಾಗಿಸಿ ತೋರಿಸಿದರು:
"ಹೀಗೆ. ಮುಟ್ಟಬೇಕು. ಒತ್ತಬಾರದು."
ಓ, ಸ್ಪರ್ಶಕ, ಎಂದಳು ಮುಂದಿನ ಬೆಂಚಿನ ಫ್ಲೇವಿಯಾ.
ನಗು ನಿಂತಿತು.

ಐವತ್ತರ ವರ್ಗಮೂಲ ಬೇಕು. ಕ್ಯಾಲ್ಕುಲೇಟರ್ ಇಲ್ಲ.
ನಲವತ್ತೊಂಬತ್ತು ಪರಿಚಯದ ಮನೆ, ಒಳಗೆ ಏಳು ಕೂತಿದೆ.
ಬಾಗಿನ ಮೇಲೆ ನಡೆಯಲು ನಮಗೆ ಬಾರದು;
ಏಳರ ಬಳಿ ನಿಂತು, ಬಾಗು ಅಲ್ಲಿ
ಯಾವ ಕಡೆ ಮುಖ ಮಾಡಿದೆಯೋ
ಆ ಕಡೆಗೇ ನೇರ ಒಂದು ಹೆಜ್ಜೆ.
ಹದಿನಾಲ್ಕು ನಡೆದರೆ ಒಂದೇ ಒಂದು ಏರುವಂಥ ಏರು.
ಒಂದೇ ನಡೆದರೆ?
"ಏಳು, ಮತ್ತೆ ಹದಿನಾಲ್ಕರಲ್ಲೊಂದು ಪಾಲು. ಸುಮಾರು."
ಆ ಸುಮಾರನ್ನು ಅವರು ಎಷ್ಟು ಖಚಿತವಾಗಿ ಹೇಳಿದರೆಂದರೆ
ಅದೂ ಒಂದು ಅಂಕೆ ಅನಿಸಿತು.

ನನ್ನ ಬಾಯಿ ಸುಮ್ಮನಿರಲಿಲ್ಲ:
"ಏಳಡಿ ಏಳು ನೂಲು, ಟೀಚರ್."

ಅದು ಐತಪ್ಪ ಮಾವನ ಲೆಕ್ಕ.
ಸೀತಾಂಗೋಳಿ ಪೇಟೆಯ ಹಿಂದೆ, ಪಂಚರ್ ಅಂಗಡಿಯ ಗೋಡೆಗೆ
ಒರಗಿಕೊಂಡ ತಗಡಿನ ಶೆಡ್ಡು.
ಐದಡಿಗೆ ಐದಡಿ ಕಿಟಕಿಯ ಚೌಕಟ್ಟು
ಮೂಲೆಯಿಂದ ಮೂಲೆಗೆ ಏಳಡಿ ಏಳು ನೂಲು ಬಂದರೆ
ಮಟ್ಟ ಸರಿ, ಬೆಣೆ ಹೊಡಿ.
ಇಂಚಿಗೆ ಎಂಟು ನೂಲು. ಒಂದು ನೂಲು ಕಡಿಮೆ ಒಂದಿಂಚು.
ಯಾರು ಕಲಿಸಿದ್ದು ಎಂದು ಕೇಳಿದರೆ
ಸವೆದ ಉಳಿಯ ಹಿಡಿ ತೋರಿಸುತ್ತಾರೆ.

ಶನಿವಾರ ಟೀಚರ್ ಬಸ್ಸಿಳಿದರು, ಕೊಡೆ ಮಡಚಿದರು,
ಹಲಸಿನ ಚಕ್ಕೆಗಳ ಮೇಲೆ ಹುಷಾರಾಗಿ ಕಾಲಿಟ್ಟರು.
ದಾರದ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ಮಾವನದರಲ್ಲಿ.
ಫೋನಿನಲ್ಲಿ ಒತ್ತಿ ನೋಡಿ ಹೇಳಿದರು:
"ನಿಮ್ಮದು ಸ್ವಲ್ಪ ಹೆಚ್ಚುಂಟು. ನನ್ನದೂ ಹೆಚ್ಚೇ.
ಈ ಬಾಗು ಯಾವಾಗಲೂ ಗೆರೆಯ ಕೆಳಗೇ, ಅದಕ್ಕೆ."
ಮಾವ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿದರು:
"ಹೆಚ್ಚಾದರೆ ಕೀಸುಳಿ ಉಂಟು.
ಕಡಿಮೆಯಾದರೆ ಯಾರಿದ್ದಾರೆ?"

ಅದೇ ಗೆರೆಯನ್ನು ನಂಬಿ ನೂರರವರೆಗೆ ಹೋದರೆ?
ಟೀಚರ್ ಒಂದು ಹಲಗೆ ತುಂಡಿನ ಮೇಲೆ ಲೆಕ್ಕ ಹಾಕಿದರು.
ಹತ್ತು ಬರಬೇಕಾದಲ್ಲಿ ಹತ್ತೂವರೆ ದಾಟಿತು.
"ಅರ್ಧ ಅಡಿ ಮರ ಹಾಳು," ಎಂದರು ಮಾವ,
ಮರ ಯಾವುದೂ ಇರಲಿಲ್ಲ, ಆದರೂ ಅವರಿಗೆ ನೋವಾಯಿತು.
ನನಗೆ ನೆನಪಾದದ್ದು ಮುಳ್ಳೇರಿಯದ ಕೊನೆಯ ಬಸ್ಸು:
ತಿರುವಿನಲ್ಲಿ ಅದರ ಬೆಳಕು ರಸ್ತೆ ಬಿಟ್ಟು
ನೇರ ಗೇರು ಹಿತ್ತಿಲಿಗೆ ನುಗ್ಗಿ
ಯಾರದೋ ಬಾವಿಕಟ್ಟೆ, ಮರೆತು ಹೋದ ಬನಿಯನು,
ನಿದ್ದೆಗಣ್ಣಿನ ಒಂದು ನಾಯಿ,
ಎಲ್ಲವನ್ನೂ ತೋರಿಸುತ್ತದೆ, ದಾರಿಯೊಂದನ್ನು ಬಿಟ್ಟು.
ಡ್ರೈವರ್ ನೋಡುವುದು ಚಕ್ರದ ಮುಂದಿನ ನಾಲ್ಕು ಮಾರು.
ಅಷ್ಟರ ಮಟ್ಟಿಗೆ ಬೆಳಕೂ ದಾರಿಯೂ ಒಂದೇ.
ತಿರುಗಿಸುತ್ತಾನೆ. ಮತ್ತೆ ನಾಲ್ಕು ಮಾರು.

ಟೀಚರ ಲೆಕ್ಕಕ್ಕೂ ನಿಜಕ್ಕೂ ನಡುವೆ ಒಂದು ಕೂದಲೆಳೆ,
ಮಾವನದಕ್ಕೆ ಕಾಲು ನೂಲೂ ಇಲ್ಲ.
ಆಟಿ ತಿಂಗಳಲ್ಲಿ ಮರ ಅದಕ್ಕಿಂತ ಹೆಚ್ಚು ಉಬ್ಬುತ್ತದೆ.
ಮೂಲೆಪಟ್ಟಿಗೆ ಗುರುತು ಹಾಕುವಾಗ ಟೀಚರ್ ಬಗ್ಗಿದರು:
"ಈ ಪೆನ್ಸಿಲ್ ಗೆರೆಯೇ ನನ್ನ ತಪ್ಪಿಗಿಂತ ದಪ್ಪ ಉಂಟಲ್ಲ.
ಗೆರೆಯ ಯಾವ ಕಡೆ ಕೊಯ್ಯುವುದು?"

ಮಾವ ಗರಗಸವನ್ನು ಗೆರೆಯ ಹೊರಗೆ ತಾಗಿಸಿದರು,
ಮುಟ್ಟಿದ ಹಾಗೆ, ಒತ್ತದೆ.
"ಗೆರೆ ಉಳಿಯಬೇಕು ಟೀಚರೇ."
ಹುಡಿ ಬೀಳತೊಡಗಿತು.