ಅಳತೆ

ದೀಪಾವಳಿ ಅಮಾವಾಸ್ಯೆಗೆ ಅಂಗಡಿಗಳಲ್ಲಿ
ಖಾತೆ ಪುಸ್ತಕಕ್ಕೆ ಕುಂಕುಮ ಹಚ್ಚುವಾಗ
ನಾನೂ ನನ್ನ ಲೆಕ್ಕ ತೆಗೆದೆ,
ಪ್ಯಾಟರ್ನ್ ಕಾಗದದ ಬೆನ್ನಿಗೆ ಬರೆದದ್ದು:
ಮಾಡಬೇಕೆಂದದ್ದು ಇನ್ನೂರು ಸಿಪಾಯಿ.
ಮಾಡಿದ್ದು ಅರವತ್ತಮೂರು.
ಬಣ್ಣ ಕಂಡವರು ನಲವತ್ತೊಂದು.
ಕಣ್ಣು ಬರೆಸಿಕೊಂಡವರು ಒಂಬತ್ತೇ ಜನ;
ಉಳಿದವರು ಕುರುಡಾಗಿಯೇ ಕಾದಿದರು, ವರ್ಷವಿಡೀ.

ಹಗಲು ಈ ಮೇಜು ಮಾಲಕರದು.
ಎಂಬತ್ತು ಪದರ ಡೆನಿಮ್ ಹಾಸಿ ಕತ್ತರಿಸುತ್ತೇನೆ,
ಎಡಗಾಲು, ಬಲಗಾಲು, ಜೇಬು, ಸೊಂಟಪಟ್ಟಿ.
ಏಳು ಗಂಟೆಯ ಮೇಲೆ ನನ್ನದು.
ಕೆಟ್ಟ ಜಿಪ್ಪು ಬಿಚ್ಚಿ ಬೆರಳಗಲ ಬಿಟ್ಟು ಅಂಟಿಸಿದರೆ
ಜೋಡಿ ಹಿತ್ತಾಳೆ ಹಳಿ.
ಕೊಯ್ದು ಮಡಿಸಿದ ಬೆಂಕಿಪೊಟ್ಟಣ ವ್ಯಾಗನ್ನು.
ಸತ್ತ ಡಿವಿಡಿಯ ಮೋಟಾರು ಎಂಜಿನ್ನಿನ ಹೊಟ್ಟೆಗೆ.
ಅದಿರು ಮಾತ್ರ ಅಸಲಿ:
ಕುಡತಿನಿಯ ರಸ್ತೆಯಂಚಿನಿಂದ
ಕರ್ಚೀಫಿನಲ್ಲಿ ಗಂಟು ಕಟ್ಟಿ ತಂದದ್ದು.
ಆ ಕರ್ಚೀಫು ಇನ್ನೂ ಬಿಳಿಯಾಗಿಲ್ಲ.

ನನ್ನ ಶತ್ರು ಹೊನ್ನೂರ್‌ವಲಿ, ವಾಷಿಂಗ್ ಯೂನಿಟ್ಟಿನವ.
ಹುಟ್ಟುವಾಗಲೇ ಹಾಗಿದ್ದವೇನೋ ಅನ್ನುವಷ್ಟು ನೀಲಿ ಉಗುರು.
ಅವನು ಮುಟ್ಟಿದ ಸೈನ್ಯವೂ ನೀಲಿ,
ಬಣ್ಣ ಕೊಳ್ಳುವ ಖರ್ಚಿಲ್ಲ.
ಎಂ-ಸೀಲ್ ಕಲಸಿ ಒಬ್ಬೊಬ್ಬರನ್ನೂ
ಜೀನ್ಸಿನ ಗುಂಡಿಯ ಮೇಲೆ ನಿಲ್ಲಿಸುತ್ತೇವೆ.
ಏಪ್ರಿಲ್ಲಿನಲ್ಲಿ ಅದು ಬೆರಳಲ್ಲಿರುವಾಗಲೇ ಬಿಗಿದುಕೊಳ್ಳುತ್ತದೆ.
ಕತ್ತಿ ಎತ್ತಬೇಕಿದ್ದ ಒಬ್ಬ
ಕೈ ಚಾಚಿ ಏನೋ ಕೇಳುವವನಂತೆ ನಿಂತುಬಿಟ್ಟ.
ಅವನನ್ನೇ ದಂಡನಾಯಕ ಮಾಡಿದೆ.

ಆಷಾಢದಲ್ಲಿ ಇಲಿ ಬಂದು ಗುಡ್ಡದ ಅರ್ಧ ತಿಂದಿತು,
ಮೇಲಿನ ಕೋಟೆ ಸಮೇತ.
ಮೈದಾ ಗಂಜಿಯಲ್ಲಿ ಅದ್ದಿದ ಚಿಂದಿಯ ಗುಡ್ಡ, ತಪ್ಪು ನನ್ನದೇ.
ನಮ್ಮ ನಿಯಮಗಳಲ್ಲಿ ಇಲಿ ಇರಲಿಲ್ಲ.
“ಹೊರಗಿನ ದಂಡು ಬಂತು ಅಂತ ಬರ್ಕೊ,” ಅಂದ ವಲಿ.
ಬರೆದೆ.

ಇನ್ನೊಂದು ಜಗಳ ಇವತ್ತಿಗೂ ತೀರಿಲ್ಲ:
ಕೌಲ್‌ಬಜಾರ್ ಕಡೆ ನಿಜದ ಗೂಡ್ಸು ಹೋಗುವಾಗ
ಮೇಜು ಅದುರಿ ಬಿದ್ದವರು
ಸತ್ತವರೋ, ಅಲ್ಲವೋ.
ಕವಡೆ ಬಿದ್ದು ಸತ್ತವರ ಪಕ್ಕದಲ್ಲೇ
ಅವರೂ ಹಾಗೇ ಮಲಗಿರುತ್ತಾರೆ.

ದಸರೆಯ ಮುಂಚೆ, ಓಟಿ ಇದ್ದ ರಾತ್ರಿ,
ಮೊದಲ ಸಲ ಎರಡನ್ನೂ ಒಂದೇ ಮೇಜಿಗೆ ತಂದೆವು,
ರೈಲನ್ನೂ ರಣವನ್ನೂ.
ಸ್ಟೇಷನ್ನಿನ ಚಾವಣಿ ಸಿಪಾಯಿಯ ಎದೆಗೆ ಬಂತು.
ಅದಿರು ಹೊತ್ತ ಹದಿನಾಲ್ಕು ಡಬ್ಬಿ
ದಂಡನಾಯಕನ ಮೊಣಕಾಲಿಗೆ ಮೈ ಸವರಿಕೊಂಡು
ಬೆಕ್ಕಿನ ಹಾಗೆ ಹಾದವು.
ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಕಾಜಾ ಮಷೀನಿನ ಹುಲಿಗೆಮ್ಮ,
ಆಟೋ ಕಾಯುತ್ತ ಬಾಗಿಲಲ್ಲಿ ನಿಂತವಳು, ನಗಲಿಲ್ಲ.
“ಗಾದಿಲಿಂಗಣ್ಣ, ಮತ್ತ ಇವ್ರು ಊರಿಗೆ ಹೋಗೋದು ಹೆಂಗ?
ಈ ರೈಲಿನಾಗ ಹಿಡಿಯಂಗಿಲ್ಲಲ್ಲ.”
ಆಮೇಲೆ,
“ಇಷ್ಟು ಮಂದಿಗೆ ನೀರು ತರೋರು ಯಾರು?”
ನಿಯಮದ ಕಾಗದ ಹಿಂದೆ ಮುಂದೆ ತಿರುವಿದೆ.
ಬಿಲ್ಲಿಗೆ ಎಷ್ಟು ಗೇಣು, ಕುದುರೆಗೆ ಎಷ್ಟು ಗೇಣು, ಎಲ್ಲಾ ಇತ್ತು.
ನೀರಿನ ಸುದ್ದಿಯೇ ಇಲ್ಲ,
ಬಳ್ಳಾರಿಯವ ಬರೆದ ಕಾಗದದಲ್ಲಿ.

ಅವಳು ಡಬ್ಬಿಯ ತಳ ಕೆರೆದು ಒಂದು ಚಿಟಿಕೆ ತೆಗೆದುಕೊಂಡಳು.
ಆಟೋದವ ಎರಡು ಸಲ ಹಾರ್ನ್ ಹೊಡೆದ.
ಸೂಜಿಯ ಮೊನೆಯಲ್ಲಿ ತಿದ್ದಿ ತೀಡಿ
ಭತ್ತದ ಕಾಳಿನಷ್ಟು ಹೆಣ್ಣು,
ತಲೆಯ ಮೇಲೆ ಸಾಸಿವೆಯಷ್ಟು ಕೊಡ.
ರೈಲಿನ ಅಳತೆ, ಯುದ್ಧದ ಅಳತೆಯಲ್ಲ.
ಪ್ಲಾಟ್‌ಫಾರ್ಮಿನ ತುದಿಗೆ ನಿಲ್ಲಿಸಿ ಹೋದಳು.

ಲೆಕ್ಕದಲ್ಲಿ ಯಾವ ಸಾಲಿಗೆ ಹಾಕಲಿ ತಿಳಿಯದೆ
ಅಂಚಿನಲ್ಲಿ ಬರೆದಿದ್ದೇನೆ:
ನೀರಿನಾಕಿ, ಒಂದು.

ಈಗ ಗೂಡ್ಸು ಹೋಗುತ್ತಿದೆ, ನಿಜದ್ದು.
ನೀಲಿಯವರು ಮೂವರು ಬಿದ್ದರು, ನನ್ನವರು ಐವರು.
ಅವಳೂ ಬಿದ್ದಳು.
ವಲಿ ಸೂಜಿ ಹುಡುಕುತ್ತಿದ್ದಾನೆ,
ಹಾಕಬೇಕಾದ ಕವಡೆ ಇನ್ನೊಂದು ಮುಷ್ಟಿಯಲ್ಲೇ ಇದೆ.